ಪಾರ್ಕಿನ ವಾಟ, ನನ್ನ ಬಲಮಂಡಿ

ಗಿರಾಕಿ ಎದುರು ಮುಖ ಹಿಂಡಬಾರದು. ವ್ಯಾಪಾರದಲ್ಲಿ ನಾನು ಕಲಿತ ಮೊದಲ ಪಾಠ ಇದು. ಬನಶಂಕರಿಯಲ್ಲಿ ನನ್ನದು ಟೈಲ್ಸ್ ಅಂಗಡಿ. ಟೈಲ್ಸ್ ಅನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಯಾರೂ ಕೊಳ್ಳುವುದಿಲ್ಲ, ನೆಲದ ಮೇಲೆ ನಾಲ್ಕು ಹಾಸಿ ತೋರಿಸಬೇಕು. ಅಂದರೆ ದಿನವಿಡೀ ಕುಕ್ಕರಗಾಲಲ್ಲಿ ಕೂರುವುದು, ಏಳುವುದು. ಏಳುವಾಗ ಅಪ್ಪಿತಪ್ಪಿ "ಅಮ್ಮಾ" ಅಂದಿರೋ, ಮುಗಿಯಿತು. ಎದುರಿಗಿರುವವರಿಗೆ ಅದು ಮಂಡಿನೋವು ಅಂತ ಗೊತ್ತಾಗುವುದಿಲ್ಲ. ಈ ಮನುಷ್ಯ ಸುಸ್ತಾಗಿದ್ದಾನೆ, ಇನ್ನೊಂಚೂರು ಎಳೆದರೆ ರೇಟು ಇಳಿಸುತ್ತಾನೆ ಅಂದುಕೊಳ್ಳುತ್ತಾರೆ. ಎರಡು ಸಾವಿರದ ಇಸವಿ ದಾಟಿದ ಆ ಕಾಲದಲ್ಲಿ ನನ್ನ ಬಲಮಂಡಿ ಹೀಗೆ ಗಿರಾಕಿಗಳ ಪರವಾಗಿ ಕೆಲಸ ಮಾಡತೊಡಗಿತ್ತು.

ಮಂಡಿ ಹಾಳಾದದ್ದು ಓಟದಿಂದ. ಓಟ ಶುರುವಾದದ್ದು ಶುಗರ್‌ನಿಂದ. ರಕ್ತ ಪರೀಕ್ಷೆಯಲ್ಲಿ ಶುಗರ್ ಗಡಿ ಮುಟ್ಟಿದೆ ಅಂದಾಗ ಜಯನಗರದ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ನಡೆಯಲು ಹೋದೆ. ನಡೆಯುತ್ತ ನಡೆಯುತ್ತ ಬೇಜಾರಾಗಿ ಒಂದು ದಿನ ಸ್ವಲ್ಪ ದೂರ ಓಡಿದೆ. ಮರುದಿನ ಇನ್ನೂ ಸ್ವಲ್ಪ. ವರ್ಷ ಕಳೆಯುವುದರೊಳಗೆ ಬೆಳಗಾದರೆ ಓಡದೆ ಇರಲಾರದವನಾದೆ. ಶುಗರ್ ಇಳಿಯಿತು, ಅದು ಬೇರೆ ಮಾತು. ನನಗೆ ಹಿಡಿಸಿದ್ದು ಏನೆಂದರೆ, ಆ ಒಂದು ಹೊತ್ತಿನಲ್ಲಿ ಯಾರೂ ನನಗೆ "ಲಾಸ್ಟ್ ರೇಟ್ ಹೇಳಿ" ಅನ್ನುತ್ತಿರಲಿಲ್ಲ.

ಪಾರ್ಕು ದೊಡ್ಡದೇನಲ್ಲ. ನಡುವೆ ಒಂದು ಅಶ್ವತ್ಥಕಟ್ಟೆ, ಅದರ ಬುಡದಲ್ಲಿ ನಾಗರಕಲ್ಲುಗಳು, ಸುತ್ತ ಹುಲ್ಲು, ಹುಲ್ಲಿನ ಸುತ್ತ ಕಲ್ಲುಚಪ್ಪಡಿ ಹಾಸಿದ ದಾರಿ. ಕಟ್ಟೆ ನಡುವೆ ಇದ್ದಮೇಲೆ ಕೇಳಬೇಕೆ? ವಾಕಿಂಗ್ ಬರುವ ಎಲ್ಲರೂ ಕಟ್ಟೆಯನ್ನು ಬಲಕ್ಕಿಟ್ಟುಕೊಂಡೇ ಸುತ್ತುವುದು. ಬೋರ್ಡು ಇರಲಿಲ್ಲ, ಯಾರೂ ಹೇಳಿರಲಿಲ್ಲ. ಪ್ರದಕ್ಷಿಣೆ ಅಂದರೆ ಹಾಗೇ ತಾನೇ. ನಾನೂ ಹಾಗೇ ಓಡಿದೆ, ಮೂರು ವರ್ಷ.

ನೋವು ಮಂಡಿಯ ಹೊರಮಗ್ಗುಲಲ್ಲಿ. ಅದಕ್ಕೊಂದು ಸ್ವಭಾವವಿತ್ತು. ಮೊದಮೊದಲ ಸುತ್ತುಗಳಲ್ಲಿ ಸುಳಿವೇ ಇಲ್ಲ. ಆಮೇಲೆ ಸುಮ್ಮನೆ ಅಂಗಡಿ ನೋಡಲು ಬಂದವರ ಹಾಗೆ ಬಾಗಿಲಲ್ಲಿ ನಿಲ್ಲುತ್ತಿತ್ತು. ಗಮನ ಕೊಡದಿದ್ದರೆ ಒಳಗೆ ಬರುತ್ತಿತ್ತು. ನಾನು "ಇನ್ನೊಂದು ಸುತ್ತು ಮುಗಿಸಿ ನಿಲ್ಲಿಸ್ತೀನಿ" ಅನ್ನುತ್ತಿದ್ದೆ, ಅದು ಅರ್ಧ ಸುತ್ತಿಗೇ ಕೈಹಿಡಿದು ಕೂರಿಸುತ್ತಿತ್ತು. ಓಡುವಾಗಿನದು ಹೇಗೋ ತಡೆಯಬಹುದು, ಮೆಟ್ಟಿಲು ಇಳಿಯುವುದು ಮಾತ್ರ ಆಗುತ್ತಿರಲಿಲ್ಲ. ನಮ್ಮದು ಮಹಡಿ ಮನೆ. ಬೆಳಗ್ಗೆ ಅಂಗಡಿಗೆ ಹೊರಟರೆ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ.

ಡಾಕ್ಟರ ಹತ್ತಿರ ಹೋದೆ. ಅವರು ಮಂಡಿ ಒತ್ತಿ, ಮಡಿಸಿ, "ಓಡೋದು ಬಿಡಿ, ನಡೀರಿ ಸಾಕು" ಅಂದರು.

"ಪೂರ್ತಿ ಬಿಡಬೇಕಾ ಸಾರ್? ಅರ್ಧ ಬಿಟ್ರೆ?"

"ಚೌಕಾಸಿ ಮಾಡೋಕೆ ಇದೇನು ಮಾರ್ಕೆಟ್ಟೇನ್ರೀ?"

"ಹಾಗಲ್ಲ ಸಾರ್, ಎಡಮಂಡಿಗೂ ಅಷ್ಟೇ ವಯಸ್ಸಾಗಿದೆ, ಅದೂ ಅಷ್ಟೇ ಓಡಿದೆ. ಅದಕ್ಯಾಕೆ ನೋವಿಲ್ಲ?"

ಡಾಕ್ಟರು ಮುಂದಿನ ಪೇಷೆಂಟನ್ನು ಕರೆದರು. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲೇ ಮನೆಗೆ ಬಂತು. ಎರಡು ಕಾಲೂ ಒಟ್ಟಿಗೆ ಹುಟ್ಟಿದವು, ಒಂದೇ ದಿನ ತಗೊಂಡ ಶೂ ಹಾಕಿಕೊಂಡವು. ಮಾಲು ಒಂದೇ ಲಾಟಿನದಾದರೆ ಒಂದು ಒಡೆದು ಒಂದು ನಿಂತಿದ್ದು ಯಾಕೆ? ಟೈಲ್ಸ್ ವಿಷಯದಲ್ಲಾದರೆ ನಾನು ಬಿಡುತ್ತಿರಲಿಲ್ಲ, ಹೋಗಿ ನೆಲ ನೋಡುತ್ತಿದ್ದೆ. ಇಲ್ಲಿ ಮಾತ್ರ ನೆಲ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದೆ. ಎಣ್ಣೆ ಹಚ್ಚಿದೆ, ಪಟ್ಟಿ ಕಟ್ಟಿದೆ, ಶೂ ಬದಲಾಯಿಸಿದೆ. (ಶೂ ತಗೊಳ್ಳುವುದಿದ್ದರೆ ಸಂಜೆ ಹೋಗಿ. ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ. ಬೆಳಗ್ಗೆ ಸರಿಹೋದ ಶೂ ಓಡುವಾಗ ಬೆರಳು ಕಚ್ಚುತ್ತೆ.)

ಅದೇ ಹೊತ್ತಿಗೆ ನಮ್ಮ ಪಾರ್ಕಿಗೆ ಓಡಲು ಬರುತ್ತಿದ್ದ ಗೆಳೆಯನೊಬ್ಬ ಒಂದು ಸುದ್ದಿ ತಂದ. ಹುಬ್ಬಳ್ಳಿ ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದು ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ಇನ್ನೆರಡು ತಿಂಗಳಿಗೆ ಇಲ್ಲೇ ನಮ್ಮೂರಲ್ಲಿ ಹತ್ತು ಕಿಲೋಮೀಟರ್ ಓಟ ಇದೆಯಂತೆ.

"ಅಣ್ಣಾರ, ಇಬ್ರೂ ಹೆಸರು ಕೊಡೂಣು. ಹೆದರಬ್ಯಾಡ್ರಿ, ಕಡೀಕ ಬಂದ್ರೂ ನಡೀತೈತಿ."

ಕೊಟ್ಟುಬಿಟ್ಟೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮೆಟ್ಟಿಲು ಇಳಿಯೋಕಾಗಲ್ಲ, ಹತ್ತು ಕಿಲೋಮೀಟರ್ ಓಡ್ತಾರಂತೆ. ನಾಳೆಯಿಂದ ಓಟ ಬಂದ್. ಆ ಶೂ ಕೆಳಗಿನ ಮನೆ ವಾಚ್‌ಮನ್‌ಗೆ ಕೊಡ್ತೀನಿ, ಅವರಿಗಾದ್ರೂ ಉಪಯೋಗಕ್ಕೆ ಬರುತ್ತೆ."

ಒಂದು ಮಾತು ಹೇಳಬೇಕು. ನನಗೆ ಚೌಕಾಸಿ ಬರುತ್ತೆ ಅಂತ ಬನಶಂಕರಿಯಲ್ಲಿ ಹೆಸರಿದೆ. ಆದರೆ ಸೊಪ್ಪಿನವಳು ನಮ್ಮ ಬೀದಿಗೆ ಬಂದರೆ ಮೊದಲು ನೋಡುವುದು ನನ್ನ ಹೆಂಡತಿ ಬಾಲ್ಕನಿಯಲ್ಲಿ ಇದ್ದಾಳಾ ಅಂತ. ಇವಳ ಹತ್ತಿರ "ಬಿಡಲ್ಲ" ಅಂದರೆ ಕೆಲಸ ಕೆಡುತ್ತೆ, ಗಡುವು ಕೇಳಬೇಕು.

"ಆ ಓಟದವರೆಗೆ ಬಿಡು. ಅಲ್ಲಿಂದ ಬಂದು ಕುಂಟಿದ್ರೆ ನಾನೇ ಶೂ ಕೊಡ್ತೀನಿ. ಕುಂಟದಿದ್ರೆ ನೀನು ಮತ್ತೆ ಈ ಮಾತು ಎತ್ತಬಾರದು."

"ಕುಂಟೋದು ಬಿಡೋದು ಯಾರು ಹೇಳೋದು?"

"ನೀನೇ ಹೇಳು."

"ಆಯ್ತು," ಅಂದಳು, ಹುಣಸೆಬೀಜ ಪಕ್ಕಕ್ಕೆ ತಳ್ಳುತ್ತ. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಬರಲಿಲ್ಲ. ಆದರೂ ವ್ಯವಹಾರ ಮುಗಿದಿತ್ತು. ಆ ಎರಡು ತಿಂಗಳಲ್ಲಿ ಮಂಡಿ ಸರಿಹೋಗಬೇಕು, ಇಲ್ಲವಾದರೆ ನನ್ನ ಬೆಳಗು ಹೋಯಿತು.

ಒಂದು ದಿನ ಜೆ.ಪಿ.ನಗರದಿಂದ ಒಬ್ಬ ಮೇಡಂ ದೂರು ಹೇಳಿ ಕಳಿಸಿದರು. ನಮ್ಮಿಂದ ಒಯ್ದ ಟೈಲ್ಸನ್ನು ತಾರಸಿಗೆ ಹಾಕಿಸಿದ್ದಾರೆ, ಒಂದು ಮೂಲೆಗೇ ನೀರೆಲ್ಲ ನುಗ್ಗುತ್ತಿದೆ. ನೆಲಕ್ಕೆ ಮೇಸ್ತ್ರಿ ಕೊಡುವ ಇಳಿಜಾರಿಗೆ ನಮ್ಮಲ್ಲಿ ವಾಟ ಅನ್ನುತ್ತೇವೆ. ನೀರು ಸಲೀಸಾಗಿ ಪೈಪಿನ ಕಡೆ ಹೋಗಬೇಕಲ್ಲ, ಅದಕ್ಕೆ. ನನ್ನ ಅರ್ಧ ಆಯುಷ್ಯ ಹೋಗಿರುವುದು ವಾಟದ ಜಗಳದಲ್ಲಿ. ಟೈಲ್ಸ್ ಸರಿ ಇಲ್ಲ ಅಂತ ಮೇಸ್ತ್ರಿ, ವಾಟ ಸರಿ ಇಲ್ಲ ಅಂತ ನಾನು. ಅವತ್ತು ತಾರಸಿಗೆ ಹೋಗಿ ನೋಡಿದರೆ ಮೇಸ್ತ್ರಿ ಬೇಕಾದ್ದಕ್ಕಿಂತ ದುಪ್ಪಟ್ಟು ವಾಟ ಕೊಟ್ಟಿದ್ದ. ಪ್ಯಾರಾಪೆಟ್ ಪಕ್ಕದಲ್ಲೇ ಆ ತುದಿಗೆ ನಡೆದೆ. ಬೆಳಗ್ಗೆ ಓಡಿದ್ದ ಮಂಡಿ ಚುಚ್ಚಿತು. ವಾಪಸ್ ಬಂದೆ. ಚುಚ್ಚಲಿಲ್ಲ.

ನಿಂತೆ. ಮತ್ತೆ ಆ ಕಡೆ ಹೋದೆ, ಚುಚ್ಚಿತು. ಈ ಕಡೆ ಬಂದೆ, ಇಲ್ಲ. ಹೋಗುವಾಗ ಬಲಗಾಲು ತಗ್ಗಿನ ಕಡೆಗಿರುತ್ತಿತ್ತು, ಬರುವಾಗ ಎಡಗಾಲು.

ಬಟ್ಟೆ ಒಣಹಾಕುತ್ತಿದ್ದ ಮೇಡಂ ನೋಡಿ ನೋಡಿ ಕೇಳಿದರು, "ಏನ್ ಸಾರ್ ಅಷ್ಟೊಂದು ಚೆಕ್ ಮಾಡ್ತಿದೀರಾ? ವಾಟ ಸರಿ ಇದ್ಯಾ?"

"ವಾಟ ಜಾಸ್ತಿ ಇದೆ ಮೇಡಂ. ಸಖತ್ ಜಾಸ್ತಿ ಇದೆ!" ಅಂದೆ. ನನ್ನ ಮುಖದಲ್ಲಿದ್ದ ಸಂತೋಷ ನೋಡಿ ಅವರಿಗೆ ಸಿಟ್ಟು ಬಂದಿರಬೇಕು.

ಮರುದಿನ ಓಡಲು ಹೋಗಲಿಲ್ಲ, ಎರಡು ಬಾಟಲಿ ನೀರು ಹಿಡಿದು ಪಾರ್ಕಿಗೆ ಹೋದೆ. ದಾರಿಯ ನಟ್ಟನಡುವೆ ಸ್ವಲ್ಪ ಸುರಿದೆ. ನೀರು ಒಂದು ಕ್ಷಣ ಯೋಚಿಸಿ ಒಳಗಡೆಗೆ, ಹುಲ್ಲಿನ ಪಕ್ಕದ ಚರಂಡಿ ಕಡೆಗೆ ಹರಿಯಿತು. ಹತ್ತು ಹೆಜ್ಜೆ ಮುಂದೆ ಹೋಗಿ ಸುರಿದೆ. ಅಲ್ಲೂ ಒಳಗಡೆಗೆ. ಪಾರ್ಕು ಪೂರ್ತಿ ಹಾಗೇ. ಕಣ್ಣಿಗೆ ಸಪಾಟಾಗಿ ಕಾಣುವ ದಾರಿ, ಆದರೆ ವಾಟ ಎಲ್ಲ ಕಟ್ಟೆಯ ಕಡೆಗೆ. ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಮೂರು ವರ್ಷ ಓಡಿದವನ ಬಲಗಾಲು ಮೂರು ವರ್ಷವೂ ತಗ್ಗಿನಲ್ಲೇ ಬಿದ್ದಿದೆ. ಊರವರ ಬಚ್ಚಲಿನ ವಾಟ ನೋಡುವವನಿಗೆ ತನ್ನ ಕಾಲಡಿಯದು ಕಂಡಿರಲಿಲ್ಲ.

"ಏನ್ರೀ ಇದು, ಬೆಳಗ್ಗೆ ಬೆಳಗ್ಗೆ ತರ್ಪಣ ಬಿಡ್ತಾ ಇದೀರಾ?"

ತಿರುಗಿದರೆ ಮಫ್ಲರ್ ಅಂಕಲ್. ರಿಟೈರಾದವರು, ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡೇ ಬರುವವರು. ಪಾರ್ಕಿಗೆ ಅಧ್ಯಕ್ಷರು ಅಂತ ಯಾರೂ ಇರಲಿಲ್ಲವಾದ್ದರಿಂದ ಅವರೇ ಅಧ್ಯಕ್ಷರು.

"ವಾಟ ನೋಡ್ತಿದೀನಿ ಅಂಕಲ್."

"ಪಾರ್ಕಿಗೂ ಟೈಲ್ಸ್ ಹಾಕಿಸ್ತೀರಾ ಹೇಗೆ? ಬೇಡ ಮಾರಾಯ್ರೆ, ಜಾರಿ ಬೀಳ್ತೀವಿ."

ಮಾರನೆ ಬೆಳಗ್ಗೆಯಿಂದ ನಾನು ಉಲ್ಟಾ, ಕಟ್ಟೆಯನ್ನು ಎಡಕ್ಕಿಟ್ಟುಕೊಂಡು ಓಡತೊಡಗಿದೆ. ಎಲ್ಲರೂ ಎದುರಿಂದ ಬರುವವರೇ. ಮೂರು ವರ್ಷ ಬೆನ್ನು ಮಾತ್ರ ನೋಡಿದ್ದವರ ಮುಖಗಳನ್ನು ಮೊದಲ ಸಲ ನೋಡಿದೆ, ಎಲ್ಲವೂ ಸಿಡುಕು ಮುಖಗಳು. ಎರಡನೇ ಸುತ್ತಿಗೆ ಮಫ್ಲರ್ ಅಂಕಲ್ ಕೈ ಅಡ್ಡ ಹಿಡಿದರು.

"ಅಶ್ವತ್ಥಕ್ಕೆ ಅಪ್ರದಕ್ಷಿಣೆ ಹಾಕ್ತೀರಲ್ರೀ, ಮಕ್ಕಳೊಂದಿಗರು ನೀವು!"

"ಅಂಕಲ್, ನಾನು ಪ್ರದಕ್ಷಿಣೆನೇ ಹಾಕ್ತಿಲ್ಲ, ಓಡ್ತಿದೀನಿ. ಶೂ ಹಾಕ್ಕೊಂಡು ಯಾರಾದ್ರೂ ಪ್ರದಕ್ಷಿಣೆ ಹಾಕ್ತಾರಾ?"

ಅವರು ತಮ್ಮ ಬಿಳಿ ಕ್ಯಾನ್ವಾಸ್ ಶೂ ನೋಡಿಕೊಂಡರು. ಹಿಂದೆ ನಿಂತಿದ್ದ ಆಂಟಿಯರೂ ತಮ್ಮ ತಮ್ಮ ಕಾಲು ನೋಡಿಕೊಂಡರು. "ವ್ಯಾಪಾರಸ್ಥರ ಹತ್ರ ಬಾಯಿ ಕೊಡಬಾರದು," ಅಂದರು ಅಂಕಲ್. ಗೆದ್ದಾಗ ಪೂರ್ತಿ ಗೆಲ್ಲಬಾರದು, ಎದುರಿನವರಿಗೂ ಸ್ವಲ್ಪ ಬಿಟ್ಟುಕೊಡಬೇಕು. ಇದು ನಿಮಗೂ ಉಪಯೋಗಕ್ಕೆ ಬರುತ್ತೆ, ನೆನಪಿಟ್ಟುಕೊಳ್ಳಿ. ನಾಗರಕಲ್ಲಿಗೆ ಹೆಂಗಸರು ಹಾಲೆರೆಯಲು ಬರುವ ಮಂಗಳವಾರ, ಶುಕ್ರವಾರ ಸರಿದಿಕ್ಕಿನಲ್ಲಿ ಓಡುತ್ತೇನೆ, ಮಿಕ್ಕ ದಿನ ನನ್ನಿಷ್ಟ ಅಂತ ಒಪ್ಪಂದವಾಯಿತು.

ಬಲಮಂಡಿ ದಿನೇ ದಿನೇ ಸುಮ್ಮನಾಯಿತು. ಬಾಗಿಲಿಗೆ ಬರುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಕೆಲವು ವಾರ ಕಳೆದಮೇಲೆ ಒಂದು ಬೆಳಗ್ಗೆ ಹುಬ್ಬಳ್ಳಿ ಗೆಳೆಯನ ಜೊತೆ ಓಡುತ್ತಿದ್ದಾಗ ಇನ್ನೊಂದು ಸಂಗತಿ ನಡೆಯಿತು. ನೋವು ಶುರುವಾಯಿತು, ಅದೇ ಜಾಗ, ಅದೇ ಚುಚ್ಚು, ಆದರೆ ಎಡಮಂಡಿಯಲ್ಲಿ. ನಾನು ಕುಣಿದುಬಿಟ್ಟೆ.

"ನೋಡ್ದಾ? ಈಗ ಎಡಗಾಲು ತಗ್ಗಿನ ಕಡೆ ಇದೆ, ಅದಕ್ಕೇ ಎಡಗಾಲು! ನಾನು ಹೇಳಲಿಲ್ವಾ?"

"ಅಣ್ಣಾರ, ಇಷ್ಟ ದಿನ ಒಂದ ಕಾಲು ನೋಯ್ತಿತ್ತು, ಈಗ ಇನ್ನೊಂದು. ಇದಕ್ಯಾಕ ಖುಷಿ ಪಡಾಕತ್ತೀರಿ? ತಲಿ ನೆಟ್ಟಗೈತಿಲ್ರೀ?"

ಅವನಿಗೆ ಹೇಗೆ ಹೇಳುವುದು? ಮಂಡಿ ಹಳತಾಗಿಲ್ಲ, ಹಾಳಾಗಿಲ್ಲ, ನೆಲ ಹೇಳಿದ್ದನ್ನು ಅದು ನನಗೆ ಹೇಳುತ್ತಿದೆ ಅಷ್ಟೆ. ಆ ಡಾಕ್ಟರನ್ನು ಎಬ್ಬಿಸಿ ಕರೆದುಕೊಂಡು ಬಂದು ಎಡಮಂಡಿ ತೋರಿಸಬೇಕು ಅನ್ನಿಸಿತು.

ಆದರೆ ಓಟಕ್ಕೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಈಗ ಬೇಕಾದ್ದು ಎರಡು ದಿಕ್ಕಿಗೂ ಸಮಪಾಲು. ಮಫ್ಲರ್ ಅಂಕಲ್ ಹತ್ತಿರ ಹೋಗಿ, ಇನ್ನುಮುಂದೆ ಮಂಗಳವಾರ, ಶುಕ್ರವಾರದ ಲೆಕ್ಕ ಬೇಡ, ಒಂದು ದಿನ ಆ ಕಡೆ ಓಡಿದರೆ ಮುಂದಿನ ಸಲ ಈ ಕಡೆ ಓಡುತ್ತೇನೆ ಅಂದೆ. ಅವರು ನನ್ನ ಎಡಗಾಲನ್ನು ದಿಟ್ಟಿಸಿದರು.

"ನೋವು ಬಂತಾ?"

"ಬಂತು."

"ನಾನು ಹೇಳಿದ್ದೆ. ಅಶ್ವತ್ಥ ಸುಮ್ನೆ ಬಿಡುತ್ತೇನ್ರೀ?" ಆಂಟಿಯರೆಲ್ಲ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ನನಗೆ ಬೇಕಾದ ದಿನಗಳು ಸಿಕ್ಕಿದ್ದವು, ಅವರಿಗೆ ಬೇಕಾದ ನ್ಯಾಯ ಸಿಕ್ಕಿತ್ತು.

ಓಟದ ಭಾನುವಾರ ನಾನು ಊರು ನೋಡಲಿಲ್ಲ, ಜನ ನೋಡಲಿಲ್ಲ, ರಸ್ತೆಯ ವಾಟ ನೋಡಿದೆ. ಡಾಂಬರು ರಸ್ತೆ ನಡುವೆ ಉಬ್ಬಿ ಎರಡೂ ಕಡೆ ಮೋರಿಗೆ ಇಳಿಯುತ್ತೆ, ನೀವೂ ನೋಡಿ. ಎಲ್ಲರೂ ತಿರುವಿನಲ್ಲಿ ಅಂಚು ಹಿಡಿದು ದೂರ ಉಳಿಸುತ್ತಿದ್ದರೆ ನಾನು ನಟ್ಟನಡುವಿನ ಬಿಳಿಗೆರೆಯ ಮೇಲೆ. ನಡುವೆ ಜಾಗ ಸಿಗದಿದ್ದಾಗ ಸ್ವಲ್ಪ ಹೊತ್ತು ಎಡಕ್ಕೆ, ಸ್ವಲ್ಪ ಹೊತ್ತು ಬಲಕ್ಕೆ. "ಅಣ್ಣಾರ, ರಸ್ತೆ ಅಳತೀ ಮಾಡಾಕ ಬಂದೀರೇನು?" ಅಂತ ಗೆಳೆಯ ಹಿಂದಿನಿಂದ ಕೂಗಿದ. ಅವನು ನನಗಿಂತ ಮುಂಚೆ ಮುಗಿಸಿದ. ನಾನೂ ಮುಗಿಸಿದೆ, ನಿಲ್ಲದೆ.

ಮನೆಗೆ ಬಂದಾಗ ಹೆಂಡತಿ ಗೇಟಿನ ಬಳಿ ಕಾಯುತ್ತಿದ್ದಳು. ಕೊರಳಲ್ಲಿದ್ದ ಪದಕ ತೋರಿಸಿದೆ. ಅದರ ಕಡೆ ನೋಡಲಿಲ್ಲ.

"ಮೇಲೆ ಹೋಗಿ ಇಳಿದು ಬನ್ನಿ," ಅಂದಳು.

ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಹತ್ತಿದೆ. ಇಳಿಯತೊಡಗಿದೆ, ಮುಖ ಮುಂದೆ ಮಾಡಿಕೊಂಡು, ನೇರವಾಗಿ.

"ಕಂಬಿ ಮೇಲಿನ ಕೈ ತೆಗೀರಿ."

ತೆಗೆದೆ. ಬಹುಪಾಲು ಮೆಟ್ಟಿಲು ಸಲೀಸು. ಕೊನೆಯ ಕೆಲವಕ್ಕೆ ಬಂದಾಗ ಬಲಮಂಡಿ ಬಾಗಿಲಿಗೆ ಬಂದು ನಿಂತಿತು. ನಾನು ಇಪ್ಪತ್ತು ವರ್ಷದ ವ್ಯಾಪಾರವನ್ನೆಲ್ಲ ಮುಖಕ್ಕೆ ತಂದುಕೊಂಡು ಕಣ್ಣು ಮಿಟುಕಿಸದೆ ಇಳಿದೆ. ಕುಂಟಲಿಲ್ಲ, ಆಣೆಯಾಗಿ ಕುಂಟಲಿಲ್ಲ.

"ಕೊನೆಯಲ್ಲಿ ನೋವಾಯ್ತು ಅಲ್ವಾ?"

"ಇಲ್ಲ."

"ಗಿರಾಕಿಗೆ ಹೇಳಿ ಅದನ್ನ." ಗೇಟಿನ ಚಿಲಕ ಹಾಕಿದಳು. "ದಿನಾ ಬೇಡ. ದಿನ ಬಿಟ್ಟು ದಿನ ಓಡಿ. ಒಪ್ಪಿಗೆನಾ?"

ನಾನು ಲೆಕ್ಕ ಹಾಕಿದೆ. ಒಂದು ದಿನ ಓಟ, ಒಂದು ದಿನ ಬಿಡುವು, ಒಮ್ಮೆ ಆ ದಿಕ್ಕು, ಮುಂದಿನ ಸಲ ಈ ದಿಕ್ಕು. ಮಂಡಿಗೆ ಬೇಕಾಗಿದ್ದದ್ದೂ ಅಷ್ಟೇ. ಆದರೂ ತಕ್ಷಣ ಹೂಂ ಅನ್ನುವುದು ನನ್ನ ಜಾಯಮಾನವಲ್ಲ.

"ಶೂ?"

"ಇಟ್ಕೊಳ್ಳಿ. ಅವತ್ತೇ ದಿನ ಬಿಟ್ಟು ದಿನ ಅಂತ ಕೇಳಿದ್ರೆ ಅವತ್ತೇ ಒಪ್ತಿದ್ದೆ," ಅಂದು, ಪದಕವನ್ನು ನನ್ನ ಕೊರಳಿಂದ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಮೇಲೆ ಹೋದಳು.