ಖಾಲಿ ಉಳಿದ ಚಿಪ್ಪು

ಹೋದ ವಾರ ಬಿತ್ತನೆ ರಾಗಿ ತೆಗೆಯಾಣ ಅಂತ ಮರದ ಪೆಟ್ಗೆ ತೆರೆದೆ ನೋಡಿ, ಒಣಗಿದ ಬೇವಿನ ಸೊಪ್ಪಿನ ವಾಸ್ನೆ ಗಪ್ಪಂತ ಮೂಗಿಗೆ ಬಡೀತು. ಅದ್ರ ಜೊತೇಲೇ ನಮ್ಮ ಕಾಂಪೌಂಡರಯ್ಯ ಎದ್ದು ಬಂದಂಗಾಯ್ತು... ಬೇವಿನೆಲೆ ಇಲ್ದೆ ಅವರು ಒಂದು ಪುಸ್ತಕಾನೂ ಮಡಗ್ತಿರಲಿಲ್ಲ.

ಯುದ್ಧದ ಕಾಲ ಅದು. ಹೊಸೂರಿಂದ ರಾಯಕೋಟೆ ಕಡೆ ಹೋಗೋ ದಾರೀಲಿ ಒಂದು ದನದ ಆಸ್ಪತ್ರೆ ಇತ್ತು, ಕಾಂಪೌಂಡರಯ್ಯ ಕೆಲಸಕ್ಕಿದ್ದಿದ್ದು ಅಲ್ಲೇ. ನಾನು ಉದ್ದನಪಲ್ಲಿಯಿಂದ ಕುಂಟೋ ಎತ್ತು ಹೊಡ್ಕೊಂಡು ಹೋದೋನು, ಎತ್ತು ವಾಸಿಯಾದ್ಮೇಲೂ ಹೋಗೋದು ಬಿಡ್ಲಿಲ್ಲ. ಯಾಕಂದ್ರೆ ಅಲ್ಲಿ ಔಷಧಿ ಬೀರು ಪಕ್ಕ ಇನ್ನೊಂದು ಬೀರು, ಅದ್ರ ತುಂಬಾ ದೂರದೇಶದ ವಿಜ್ಞಾನದ ಪತ್ರಿಕೆಗಳು! ಇಸ್ಕೂಲು ಅರ್ಧಕ್ಕೆ ಬಿಟ್ಟೋನು ನಾನು. ಒಂದು ಹರಿದ ಡಿಕ್ಷನರಿ ಇಟ್ಕೊಂಡು ಸಿಕ್ಕಿದ್ದೆಲ್ಲ ಓದ್ತಿದ್ದೆ. "ಬರೀ ಮೇಯ್ಬೇಡ ಕಣ್ಲಾ, ಒಸಿ ಮೆಲುಕೂ ಹಾಕು" ಅಂತ ಕಾಂಪೌಂಡರಯ್ಯ ನಗೋರು.

ಆ ಬೀರುನಾಗೆ ಒಂದು ತೆಳ್ಳನೆ ಪತ್ರಿಕೆ, ಮದ್ರಾಸ್ ಕಡೆಯಿಂದ ಬರೋದು. ಅದ್ರ ಹಳೇ ಸಂಚಿಕೆ ಒಂದ್ರಾಗೆ ಅರ್ಧ ಪುಟ ಕಾಂಪೌಂಡರಯ್ಯನೇ ಬರೆದಿದ್ದು. ಸಾನಮಾವು ಕಾಡಂಚಿನಾಗೆ ಮೊದಲ ಮಳೆ ಬಿದ್ಮೇಲೆ ಯಾವ್ದೋ ಗಿಡದ ಚಿಗುರು ತಿಂದು ಕುರಿಗಳು ಹೊಟ್ಟೆ ಉಬ್ಬಿ ಬೀಳ್ತಿದ್ವಂತೆ. ಕುರುಬರ ಹಿಂದೆ ಅಲೆದೂ ಅಲೆದೂ ನೋಡಿ ಬರೆದಿದ್ರು. ಕೆಳಗೆ ಅವರ ಹೆಸರು, ಅಚ್ಚಿನಾಗೆ. ಮಧ್ಯಾಹ್ನದ ಬಿಸಿಲು ಕಿಟಕೀಲಿ ಬಿದ್ದಾಗ ಆ ಪುಟ ತೊಡೆ ಮೇಲಿಟ್ಕೊಂಡು ಕುಂತ್ಬುಡೋರು. "ಯಾವ್ದೋ ದೇಶದಾಗೆ, ಮಂಜು ಸುರಿಯೋ ಊರ್ನಾಗೆ, ಯಾರೋ ಒಬ್ಬ ನಮ್ಮ ಕುರಿ ಕತೆ ಓದ್ತಾ ಇರಬೋದು, ಅಲ್ವೇನ್ಲಾ?" ಅನ್ನೋರು. ನಂಗೂ ಆ ಮಂಜು ಕಣ್ಣಿಗೆ ಕಟ್ಟೋದು. ಅದ್ರೊಳಗೆ ನಮ್ಮ ಸಾನಮಾವು ಕುರಿ ನಡ್ಕೊಂಡು ಹೋಗೋವು...

ಆಮೇಲೆ ಪತ್ರಿಕೆ ತರೋ ಹಡಗು ಬರೋದು ಕಮ್ಮಿಯಾಯ್ತು, ಸರ್ಕಾರದಾಗೆ ದುಡ್ಡಿಗೂ ಬರ. ಬರ್ತಿದ್ದ ಎಂಟು ಪತ್ರಿಕೇಲಿ ಬೇಕಾದ್ದಷ್ಟೇ ಇಟ್ಕೊಂಡು ಮಿಕ್ಕಿದ್ದು ನಿಲ್ಸಿ ಅಂತ ಮೇಲಿಂದ ಆರ್ಡರ್ ಬಂತು. ಯಾವ್ದು ಬೇಕು ಯಾವ್ದು ಬ್ಯಾಡ ಅಂತ ಹೆಂಗೆ ಹೇಳೋದು? ಕಾಂಪೌಂಡರಯ್ಯನೇ ದಾರಿ ತೋರಿಸಿದ್ರು. ಲೇಖನ ಬರೆದೋನು ತಾನು ಯಾವ್ಯಾವ ಪತ್ರಿಕೆ ನೋಡ್ದೆ ಅಂತ ಕೊನೇಲಿ ಪಟ್ಟಿ ಹಾಕಿರ್ತಾನಲ್ಲ, ಅದನ್ನ ಎಣಿಸೋದು. ಹೆಚ್ಚು ಸಲ ಹೆಸರು ಬಂದಿದ್ದಕ್ಕೆ ತೂಕ ಹೆಚ್ಚು, ಒಂದ್ಸಲಾನೂ ಬರದೇ ಇದ್ದಿದ್ದು ನಿಲ್ಸೋದು. ಅಮೇರಿಕಾದಾಗೂ ಹಿಂಗೇ ಮಾಡ್ತಾರಂತೆ. ಆಸ್ಪತ್ರೆ ಡಾಕ್ಟ್ರೂ ಒಪ್ಪಿದ್ರು.

"ಆ ತೆಳ್ಳಂದು?" ಅಂದೆ.

"ಅದಕ್ಕೂ ಅದೇ ಲೆಕ್ಕ" ಅಂದ್ರು, ಮುಖ ಆ ಕಡೆ ತಿರುಗಿಸ್ಕೊಂಡು.

ಎಂಟು ತೆಂಗಿನ ಚಿಪ್ಪು ಸಾಲಾಗಿ ಇಟ್ವಿ, ಒಂದು ಪತ್ರಿಕೆಗೆ ಒಂದು. ಪಟ್ಟಿ ಓದೋದು ನಾನು, ಹೆಸರು ಬಂದಂಗೆಲ್ಲ ಹುಣಸೆ ಬೀಜ ಹಾಕೋದೂ ನಾನೇ. ನಮ್ಮ ಕಣದಾಗೆ ರಾಗಿ ಅಳೆಯುವಾಗ ಮೊದಲ್ನೇ ಕೊಳಗಕ್ಕೆ ಒಂದು ಅನ್ನಲ್ಲ, ಲಾಭ ಅಂತೀವಿ. ಬಾಯಿಗೆ ಅದೇ ಬರೋದು, ಲಾಭ, ಎರಡು, ಮೂರು... "ಲೇ, ಇಲ್ಲೇನು ರಾಗಿ ರಾಶಿ ಹಾಕವ್ರೇನ್ಲಾ!" ಅಂತ ಕಾಂಪೌಂಡರಯ್ಯ ದನಕ್ಕೆ ಔಷಧಿ ಕುಡಿಸ್ತಾನೇ ರೇಗಿಸೋರು. ಆಮೇಲೆ ಸುಮ್ನೆ ಕೇಳ್ದಂಗೆ, "ತೆಳ್ಳಂದಕ್ಕೆ ಬಿತ್ತಾ?"

"ಇಲ್ಲ ಸ್ವಾಮಿ."

ದಿನಾ ಅದೇ ಮಾತು. ಒಂದಿನ ತಡೀಲಾರ್ದೆ ಆ ಖಾಲಿ ಚಿಪ್ಪಿಗೆ ನಾನೇ ಒಂದು ಬೀಜ ಹಾಕ್ಬುಟ್ಟೆ. ಅವರು ನೋಡಿದ್ರು. ಬೈಲಿಲ್ಲ. ಬೀಜ ತೆಗೆದು ನನ್ನ ಅಂಗೈಲಿಟ್ಟು, "ಹಿಂಗೆ ಬಂದ್ರೆ ನಂಗೇನ್ಲಾ ಸಂತೋಸ?" ಅಂದ್ರು.

ಕೊನೇ ದಿನ ಎಣಿಸೋಕೆ ಒಂದೇ ಒಂದು ಸಂಚಿಕೆ ಉಳೀತು. ನಮ್ಮಪ್ಪ ಯಾವತ್ತೂ ರಾಶೀನ ನೆಲ ಕಾಣೋಗಂಟ ಅಳೆದೋನಲ್ಲ. ಒಂದಿಷ್ಟು ಅಳೀದೆ ಬಿಟ್ಟು, ಅದನ್ನ ಮನೆಗೆ ತಂದು ಬೇವಿನ ಸೊಪ್ಪಿನ ಜೊತೆ ಪೆಟ್ಗೇಲಿ ಹಾಕೋನು. ಪೂರಾ ಅಳೆದ್ರೆ ಮುಂದಿನ ಬೆಳೆ ಕೈ ಬಿಡುತ್ತಂತೆ. ನನ್ನ ಕೈಯೂ ಹಂಗೇ ನಿಂತೋಯ್ತು. ಆ ಸಂಚಿಕೆ ತೆರೀಲೇ ಇಲ್ಲ.

"ಎಲ್ಲಾ ಆಯ್ತೇನ್ಲಾ?"

"ಆಯ್ತು ಸ್ವಾಮಿ. ಇದೊಂದು ಮನೆಗೆ ತಗೊಂಡ್ಹೋಗ್ಲಾ, ಓದೋಕೆ?"

"ಹೂಂ, ಹೋಗು."

ಕಣದಾಗೆ ಆಯ್ತು ಅಂದ್ರೆ ಒಂದಿಷ್ಟು ಉಳಿಸಿ ಮುಗಿಸಿದ್ವಿ ಅಂತ್ಲೇ ಅರ್ಥ. ನಂಗೆ ಅದು ಸುಳ್ಳು ಅಂತ ಅನ್ನಿಸ್ಲೇ ಇಲ್ಲ...

ತೆಳ್ಳನೆ ಪತ್ರಿಕೆ ನಿಲ್ಸಿ ಅಂತ ಅವರೇ ಕಾಗ್ದ ಬರೆದ್ರು. ಖಾಲಿ ಚಿಪ್ಪು ನನ್ನ ಕೈಗೆ ಕೊಟ್ಟು, "ತಗೋ, ಉಪ್ಪು ಹಾಕೋಕಾಗುತ್ತೆ" ಅಂತ ನಕ್ಕರು. ಅದಾದ್ಮೇಲೆ ಅವರು ಕಿಟಕಿ ಹತ್ರ ಕುಂತಿದ್ದು ನಾನು ಕಾಣೆ. ಎರಡು ವರ್ಷಕ್ಕೆ ಜ್ವರ ಬಂತು, ಹೋಗ್ಬುಟ್ರು.

ಈಗ ಯುದ್ಧ ಮುಗಿದು ಹಡಗು ಮತ್ತೆ ಓಡಾಡ್ತಾವೆ. ನಂಗೂ ಡಿಕ್ಷನರಿ ಇಲ್ದೆ ಓದೋಕೆ ಬರುತ್ತೆ. ಪೆಟ್ಗೆ ತಳದಾಗೆ, ಬೇವಿನ ಸೊಪ್ಪಿನ ಕೆಳಗೆ, ಅವತ್ತು ತಂದು ಮಡಗಿ ಮರೆತಿದ್ದ ಆ ಸಂಚಿಕೆ ಹಂಗೇ ಇತ್ತು. ರಾಗಿ ಮರೆತು ಅಲ್ಲೇ ಕುಂತೆ. ಯಾವ್ದೋ ಚಳಿ ದೇಶದೋನು ಕುರಿ ರೋಗದ ಮೇಲೆ ಬರೆದಿದ್ದ. ಕೊನೇ ಪಟ್ಟಿ ಮೇಲೆ ಬೆರಳಿಟ್ಟು ಇಳೀತಾ ಬಂದೆ. ಹನ್ನೊಂದ್ನೇ ಸಾಲು... ಕಾಂಪೌಂಡರಯ್ಯನ ಹೆಸರು. ಪಕ್ಕದಾಗೆ ತೆಳ್ಳನೆ ಪತ್ರಿಕೆ ಹೆಸರು, ಆ ಅರ್ಧ ಪುಟದ ನಂಬರು.

ಎದ್ದೆ. ಅಡುಗೆ ಮನೆಯಿಂದ ಅವರು ಕೊಟ್ಟಿದ್ದ ಚಿಪ್ಪು ತಂದೆ. ಉಪ್ಪು ಬೇರೆ ಕಡೆ ಸುರಿದು, ಒರೆಸಿ, ಒಂದು ಹುಣಸೆ ಬೀಜ ಹಾಕ್ದೆ.

"ಲಾಭ" ಅಂದೆ, ಜೋರಾಗೇ ಅಂದೆ.

ರೇಗಿಸೋಕೆ ಯಾರೂ ಇರ್ಲಿಲ್ಲ.