ಅನಂತೇಶ ಮಾಷ್ಟ್ರು ಕೂಲಂಟ್ ಬದಲಿಸಿದ್ದು

ಉದ್ಯಾವರದ ಅನಂತೇಶ ಮಾಷ್ಟ್ರು ಯಾವ ವಸ್ತುವನ್ನೂ ರಿಪೇರಿಗೆಂದು ಹೊರಗೆ ಕೊಟ್ಟವರಲ್ಲ. ಅವರ ತಂದೆ ಉಡುಪಿಯಲ್ಲಿ ದೇವರ ಅಡಿಗೆ ಮಾಡುತ್ತಿದ್ದವರು. ತಮ್ಮ ಒಲೆಯ ಹತ್ತಿರ ಇನ್ನೊಬ್ಬರ ನೆರಳು ಬೀಳಲೂ ಬಿಡುತ್ತಿರಲಿಲ್ಲ. ಮಗ ಗಣಿತದ ಮಾಷ್ಟ್ರಾಗಿ ಆ ಮಡಿಯನ್ನೇ ಸ್ಕ್ರೂಡ್ರೈವರಿಗೆ ವರ್ಗಾಯಿಸಿಕೊಂಡಿದ್ದರು. ಅವರ ಕೈಯಿಂದ ಗುಣವಾಗಿ ಬಂದ ಮಿಕ್ಸಿ ತೆಂಗಿನಕಾಯಿಯನ್ನು ಅರೆಯುವ ಬದಲು ಗೋಡೆಗೆ ಎರಚುತ್ತಿತ್ತು. ಬಾವಿಯ ಪಂಪು ಚಾಲೂ ಆದರೆ ಅಕ್ಕಪಕ್ಕದ ಮೂರು ಮನೆಗಳಲ್ಲಿ ಟೀವಿ ನಿಲ್ಲುತ್ತಿತ್ತು. ಹೆಂಡತಿ ಸುಭಾಷಿಣಿ ಇಪ್ಪತ್ತು ವರ್ಷಗಳಲ್ಲಿ ಋಷಿಗಳಿಗೂ ಸಿಗದ ವೈರಾಗ್ಯವನ್ನು ಸಂಪಾದಿಸಿದ್ದರು.

2009ರಲ್ಲಿ ಈ ಮಹಾನುಭಾವರು ಒಂದು ಬೈಕು ಕೊಂಡರು. ಮಣಿಪಾಲದಲ್ಲಿ ಓದು ಮುಗಿಸಿದ ಯಾರೋ ವಿದ್ಯಾರ್ಥಿ ಊರಿಗೆ ಹೋಗುವ ಮುನ್ನ ಮಾರಿದ್ದು. ನೀಲಿ ಬಣ್ಣ, ಗಿಡುಗದ ಮೂತಿ, ಸವಾರನನ್ನು ಟ್ಯಾಂಕಿನ ಮೇಲೆ ಬೋರಲು ಮಲಗಿಸುವ ಕಟ್ಟು. ಹಣೆಗೆ ಗೋಪೀಚಂದನ ಎಳೆದ ನಲವತ್ತೇಳರ ಮಾಷ್ಟ್ರು ಅದರ ಮೇಲೆ ಮಲಗಿಕೊಂಡು ಕಾಪುವಿನ ಶಾಲೆಗೆ ಹೊರಟರೆ, ಯಾರಿಗೂ ದಾರಿ ಬಿಡದ ಎಕ್ಸ್‌ಪ್ರೆಸ್ ಬಸ್ಸುಗಳೂ ಗೌರವದಿಂದ ಬದಿಗೆ ಸರಿಯುತ್ತಿದ್ದವು.

ಆ ಬೈಕಿನ ಇಂಜಿನ್ನಿಗೆ ಗಾಳಿ ಸಾಲದು. ಕಾರಿಗಿರುವಂತೆ ಅದಕ್ಕೊಂದು ರೇಡಿಯೇಟರ್, ರೇಡಿಯೇಟರಿನಲ್ಲಿ ಹಸಿರು ಬಣ್ಣದ ಕೂಲಂಟ್. ಅದು ಒಳಗೆ ಸುತ್ತುತ್ತಾ ಇಂಜಿನ್ನಿನ ಬಿಸಿ ಹೀರುತ್ತದೆ. ಹಳತಾದರೆ ಬಸಿದು, ಒಳಗನ್ನು ತೊಳೆದು, ಹೊಸತು ತುಂಬಬೇಕು. ಉಡುಪಿಯ ಗ್ಯಾರೇಜಿನವನು ತಾನು ಮಾಡಿಕೊಡುತ್ತೇನೆಂದ. ಮಾಷ್ಟ್ರು ನಕ್ಕು, ಕೂಲಂಟಿನ ಡಬ್ಬಿಗಳನ್ನು ಮಾತ್ರ ಕೊಂಡು ಬಂದರು.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, ಊಟವಾದ ಮೇಲೆ, ಅಂಗಳದಲ್ಲಿ ಯುದ್ಧ ಸಾರಲಾಯಿತು. ಮಾಷ್ಟ್ರು ಪಂಚೆ ಕಚ್ಚೆ ಹಾಕಿದರು. ಬೈಕಿನ ಪಕ್ಕದ ಕವಚ ಕಳಚಿತು, ಕೆಳಗಿನ ಬೋಲ್ಟು ತಿರುಗಿತು, ಹಸಿರು ದ್ರವ ಬಟ್ಟಲಿಗೆ ಇಳಿಯಿತು. ಬೋಲ್ಟಿನ ಥ್ರೆಡ್ಡು ಕೆಡಲಿಲ್ಲ, ವಾಷರ್ ಕಳೆಯಲಿಲ್ಲ, ಬೆರಳಿಗೆ ಗಾಯವಾಗಲಿಲ್ಲ. ಇಷ್ಟು ಸುಸೂತ್ರ ಅವರ ಚರಿತ್ರೆಯಲ್ಲೇ ಇರಲಿಲ್ಲ. ಒಳಗನ್ನು ನೀರಿನಲ್ಲಿ ತೊಳೆದರೆ ಸಾಕೆಂದು ಬೈಕಿನ ಜೊತೆ ಬಂದ ಪುಸ್ತಕದಲ್ಲಿತ್ತು. ಗೆಲುವಿನ ಅಮಲಿನಲ್ಲಿದ್ದ ಮಾಷ್ಟ್ರಿಗೆ ನೀರು ತೀರಾ ಕ್ಷುಲ್ಲಕವೆನ್ನಿಸಿತು. ಹೊಸ ಕೂಲಂಟನ್ನೇ ಹಾಕಿ ಕುಲುಕಿ ಬಸಿದರು. ಮತ್ತೊಮ್ಮೆ ಬಸಿದರು. ಮೂರನೆಯ ಸಲಕ್ಕೆ ಡಬ್ಬಿಗಳೆಲ್ಲ ಖಾಲಿಯಾದವು. ತುಂಬುವುದಕ್ಕೆ ಸೋಮವಾರ ಇನ್ನೊಂದು ತಂದರಾಯಿತು ಎಂದುಕೊಂಡರು.

ಡಬ್ಬಿಯ ಮೇಲೆ ವಿಷವೆಂದು ಬರೆದಿತ್ತು, ಮಣ್ಣಿಗೆ ಚೆಲ್ಲಬಾರದೆಂದೂ ಇತ್ತು. ಬಾವಿ ಹತ್ತು ಹೆಜ್ಜೆ ದೂರದಲ್ಲಿದೆ. ಮಾಷ್ಟ್ರು ಜವಾಬ್ದಾರಿಯ ಮನುಷ್ಯ. ಹಿಂಬಾಗಿಲಿನ ಹತ್ತಿರ ಮುಚ್ಚಳವಿದ್ದ ಬಿಳಿ ಪೇಂಟ್ ಬಕೆಟೊಂದು ಕಂಡಿತು. ಮುಚ್ಚಳ ತೆಗೆದರೆ ಒಳಗೆ ಮಬ್ಬು ನೀರು, ಬಸಳೆ ದಂಟು, ಸೌತೆಕಾಯಿ ಸಿಪ್ಪೆ. ಕಸದ ಬಕೆಟು ಎಂದು ತೀರ್ಮಾನಿಸಿ ಬಸಿದದ್ದಷ್ಟನ್ನೂ ಅದಕ್ಕೆ ಸುರಿದು ಭದ್ರವಾಗಿ ಮುಚ್ಚಿದರು.

ಅದು ಅಕ್ಕಚ್ಚಿನ ಬಕೆಟು. ಅಕ್ಕಿ ತೊಳೆದ ನೀರನ್ನು ತರಕಾರಿ ಸಿಪ್ಪೆಯ ಜೊತೆ ದನಕ್ಕೆಂದು ಎತ್ತಿಡದ ಮನೆ ಈ ಕಡೆ ಇಲ್ಲ. ಸ್ವಂತ ದನವಿಲ್ಲದವರು ನೆರೆಮನೆಯ ದನಕ್ಕೆ ಇಡುತ್ತಾರೆ. ಗದ್ದೆಯಾಚೆಯ ಸುಗಂಧಿ ಆರು ಮನೆಗಳಲ್ಲಿ ಇಂಥ ಬಕೆಟು ಇಟ್ಟಿದ್ದಳು. ಮಲ್ಪೆಯ ಐಸ್ ಪ್ಲಾಂಟಿನ ಕೆಲಸ ಬಿಟ್ಟು ಬಂದ ಆ ಹೆಂಗಸಿಗೆ ಬದುಕೆಂದರೆ ಬೊಳ್ಳಿ ಎಂಬ ಒಂದು ಗಿಡ್ಡ ದನ. ಅದು ಏಳು ತಿಂಗಳ ಗಬ್ಬದಲ್ಲಿತ್ತು. ಇದೆಲ್ಲ ಊರಿಗೆ ಗೊತ್ತು. ಮಾಷ್ಟ್ರ ಲೋಕ ಮಾತ್ರ ಮುಂಬಾಗಿಲಿನಿಂದ ಅಂಗಳದವರೆಗೆ. ತಮ್ಮ ಮನೆಯ ಹಿಂಬಾಗಿಲಿನಿಂದ ಏನು ಹೊರಗೆ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ನೋಡಿದವರಲ್ಲ.

ಸ್ನಾನ ಮುಗಿಸಿ ಕಾಫಿಗೆ ಕೂತ ಮಾಷ್ಟ್ರು ತಮ್ಮ ಪರಾಕ್ರಮವನ್ನು ಸವಿಸ್ತಾರವಾಗಿ ವರ್ಣಿಸಿ, ಹಿಂಬಾಗಿಲಿನ ಬಿಳಿ ಬಕೆಟನ್ನು ಯಾರೂ ಮುಟ್ಟಬಾರದು, ಅದರಲ್ಲಿ ವಿಷ ಉಂಟು ಎಂದರು.

ಸುಭಾಷಿಣಿ ಲೋಟ ಕೆಳಗಿಟ್ಟರು. "ಅದು ಸುಗಂಧಿಯ ಬಕೆಟಲ್ವಾ? ಅವಳು ಈಗಷ್ಟೇ ತೆಗೆದುಕೊಂಡು ಹೋದಳು."

ಮಾಷ್ಟ್ರು ಅಂಗಳಕ್ಕೆ ಹಾರಿದರು. ಊರಿನ ಅತಿ ವೇಗದ ವಾಹನ ಅಲ್ಲಿ ಪಕ್ಕೆಲುಬು ತೋರಿಸಿಕೊಂಡು, ರೇಡಿಯೇಟರಿನಲ್ಲಿ ಹನಿ ದ್ರವವಿಲ್ಲದೆ ನಿಂತಿತ್ತು. ಪಂಚೆ ಎತ್ತಿ ಕಟ್ಟಿ ಗದ್ದೆಯ ಅಂಚಿನಲ್ಲಿ ಓಡಿದರು. ಎರಡು ಸಲ ಕೆಸರಿಗೆ ಜಾರಿದರು.

ಸುಗಂಧಿಯ ದನದ ಹಟ್ಟಿಯಲ್ಲಿ ಬೊಳ್ಳಿ ಬಕೆಟಿನ ತಳವನ್ನು ನೆಕ್ಕುತ್ತಿತ್ತು.

"ಇವತ್ತು ನಿಮ್ಮ ಮನೆಯ ಅಕ್ಕಚ್ಚು ಇದಕ್ಕೆ ಭಾರೀ ರುಚಿ, ಮಾಷ್ಟ್ರೆ," ಎಂದಳು ಸುಗಂಧಿ. "ಪಾಯಸ ಎಂತಾದರೂ ಮಾಡಿದ್ದಿರಾ?"

ಕೂಲಂಟಿನ ರುಚಿ ಸಿಹಿ. ಅದು ಪುಸ್ತಕದಲ್ಲಿ ಇರಲಿಲ್ಲ.

ಮಾಷ್ಟ್ರು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ, ಯಾರ ಮೇಲೂ ಹೊರಿಸಲಿಲ್ಲ. ಸುಗಂಧಿ ಬೈಯಲಿಲ್ಲ. ಇದು ಸಾಯುತ್ತದಾ ಎಂದಷ್ಟೇ ಕೇಳಿದಳು. ಮಾಷ್ಟ್ರು ಮೊಬೈಲು ತೆಗೆದು ದನದ ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ನಂದಿಕೂರಿನಲ್ಲಿ ಕಷ್ಟದ ಹೆರಿಗೆಯೊಂದರಲ್ಲಿ ಸಿಕ್ಕಿಬಿದ್ದಿದ್ದರು. ಬರಲು ಎರಡು ಗಂಟೆ ಬೇಕು. ಅಷ್ಟರೊಳಗೆ ಬ್ರಾಂಡಿಯನ್ನೋ ವಿಸ್ಕಿಯನ್ನೋ ನೀರು ಬೆರೆಸಿ ಕುಡಿಸಿ, ಈ ವಿಷವನ್ನು ತಡೆಯುವುದಕ್ಕೆ ಸದ್ಯ ಕೈಗೆ ಸಿಗುವ ಮದ್ದು ಅದೊಂದೇ ಎಂದರು.

ಹೀಗಾಗಿ, ಏಕಾದಶಿಯಂದು ನೀರನ್ನೂ ಅಳೆದು ಕುಡಿಯುವ ಅನಂತೇಶ ಮಾಷ್ಟ್ರು, ಶನಿವಾರ ಸಂಜೆಯ ಜನಜಂಗುಳಿಯಲ್ಲಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಹೆದ್ದಾರಿ ಬದಿಯ ವೈನ್ ಶಾಪಿನ ಮುಂದೆ ನಿಂತರು. ಸಾಲಿನಲ್ಲಿ ಅವರ ಹಳೆಯ ಶಿಷ್ಯರಿದ್ದರು. ಕೆಲವರು ಬೀಡಿಯನ್ನು ಬೆನ್ನ ಹಿಂದೆ ಅಡಗಿಸಿ ಜಾಗ ಬಿಟ್ಟುಕೊಟ್ಟರು.

ಅಂಗಡಿಯ ಸ್ಟ್ಯಾನಿಸ್ಲಾಸ್ ಕಣ್ಣು ಕಿರಿದು ಮಾಡಿದ. ಮಾಷ್ಟ್ರು ಸಣ್ಣ ದನಿಯಲ್ಲಿ ಬ್ರಾಂಡಿ ಕೇಳಿ, ದನಕ್ಕೆ ಎಂದರು.

"ತನಗೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ ಮಾಷ್ಟ್ರೆ," ಎಂದ ಸ್ಟ್ಯಾನಿಸ್ಲಾಸ್. "ಭಾವನಿಗೆ, ಮಾವನಿಗೆ ಎನ್ನುತ್ತಾರೆ. ದನಕ್ಕೆ ಎಂದವರು ನೀವೇ ಮೊದಲು."

ಮಾಷ್ಟ್ರ ಮುಖ ನೋಡಿದ ಮೇಲೆ ಅವನು ತಮಾಷೆ ನಿಲ್ಲಿಸಿ, ಇನ್ನೊಂದು ಬಾಟಲಿಯನ್ನೂ ತಾನಾಗಿ ಚೀಲಕ್ಕೆ ಹಾಕಿ, ತನ್ನ ಸ್ಕೂಟರಿನಲ್ಲೇ ಹಟ್ಟಿಯವರೆಗೆ ಬಿಟ್ಟುಬಂದ.

ಸುಗಂಧಿ ದನದ ಮುಖ ಎತ್ತಿ ಹಿಡಿದಳು. ಮಾಷ್ಟ್ರು ಬಿದಿರಿನ ಗೊಟ್ಟದಲ್ಲಿ ಬ್ರಾಂಡಿ ಹೊಯ್ದರು. ಅರ್ಧ ದನದ ಹೊಟ್ಟೆಗೆ ಹೋಯಿತು, ಅರ್ಧ ಮಾಷ್ಟ್ರ ಜನಿವಾರದ ಮೇಲೆ. ಸ್ವಲ್ಪ ಹೊತ್ತಿಗೆ ಬೊಳ್ಳಿ ತೂರಾಡತೊಡಗಿತು. ವಿಷಕ್ಕೋ ಬ್ರಾಂಡಿಗೋ ಹೇಳುವವರು ಯಾರು. ಡಾಕ್ಟರು ಬಂದು ಡ್ರಿಪ್ ಏರಿಸಿದರು. ಮೂರು ದಿನ ಕಾಯಬೇಕು, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ಕಿಡ್ನಿ ಉಳಿದಿದೆ ಎಂದು ಅರ್ಥ, ನಿಂತರೆ ಮಾಡುವುದಕ್ಕೇನೂ ಇಲ್ಲ ಎಂದು ಹೇಳಿ ಹೋದರು.

ಕಾಪುವಿನ ಶಾಲೆಗೆ ಸೋಮವಾರವೇ ಸುದ್ದಿ ತಲುಪಿತ್ತು: ಗಣಿತದ ಮಾಷ್ಟ್ರು ಕುಡಿತಕ್ಕೆ ಬಿದ್ದಿದ್ದಾರೆ, ರಜೆ ಹಾಕಿ ಯಾರದೋ ಹಟ್ಟಿಯಲ್ಲಿ ಕೂತಿದ್ದಾರೆ. ಎರಡನೆಯ ಭಾಗ ನಿಜವಾಗಿತ್ತು. ಬೆಳಿಗ್ಗೆ ಬಂದು ಕತ್ತಲಾಗುವವರೆಗೆ ಅವರು ಬೊಳ್ಳಿಯ ಹಿಂದೆ ಒಂದು ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಸಾವಿರಾರು ಮಕ್ಕಳಿಗೆ ಮಗ್ಗಿ ಕಲಿಸಿದವರಿಗೆ ಈಗ ಎಣಿಸಲು ಉಳಿದದ್ದು ಒಂದು ದನದ ಮೂತ್ರ. ಭಾನುವಾರ ಐದು ಸಲ. ಆ ಸಂಜೆ ಮಾಷ್ಟ್ರು ನಕ್ಕದ್ದನ್ನು ಸುಗಂಧಿ ನೋಡಿದಳು. ಸೋಮವಾರ ಎರಡು, ಅದೂ ಚೂರು ಚೂರು. ಮಂಗಳವಾರ ಬೆಳಗಿನಿಂದ ಕಣ್ಣು ಮಿಟುಕಿಸದೆ ಕಾದರು. ಬೊಳ್ಳಿ ಹುಲ್ಲು ಮುಟ್ಟಲಿಲ್ಲ, ಬಾಲ ಎತ್ತಲಿಲ್ಲ. ಮಧ್ಯಾಹ್ನ ಮಲಗಿತು. ಡಾಕ್ಟರು ಬಂದವರು ಚೀಲ ಬಿಚ್ಚಲೇ ಇಲ್ಲ. ಕರುವಾದರೂ ಉಳಿಯುತ್ತದಾ ಎಂದು ಸುಗಂಧಿ ಕೇಳಿದಳು. ಡಾಕ್ಟರು ತಲೆ ಆಡಿಸಿದರು, ಇಲ್ಲ ಎಂಬಂತೆ.

ಬುಧವಾರ ಬೆಳಿಗ್ಗೆ ಮಾಷ್ಟ್ರು ಬರುವಷ್ಟರಲ್ಲಿ ದನದ ಮೇಲೆ ಒಂದು ಹಳೆಯ ಸೀರೆ ಹೊದಿಸಿತ್ತು.

ಹಿತ್ತಿಲಿನ ಮೂಲೆಯಲ್ಲಿ ಅಕ್ಕಪಕ್ಕದವರು ಗುಂಡಿ ತೋಡಿದರು. ಮಾಷ್ಟ್ರೂ ಹಾರೆ ಹಿಡಿದರು, ಯಾರೂ ಬೇಡವೆನ್ನಲಿಲ್ಲ. ಮಣ್ಣು ಮುಚ್ಚಿ ಎಲ್ಲರೂ ಹೋದ ಮೇಲೂ ಅವರು ಅಲ್ಲೇ ನಿಂತಿದ್ದರು. ಕೊನೆಗೆ, ಬೇರೆ ದನ ತಂದುಕೊಡುತ್ತೇನೆ ಎಂದರು.

ಸುಗಂಧಿ ಖಾಲಿ ಹಟ್ಟಿಯ ಕಂಬಕ್ಕೆ ಒರಗಿ ಕೂತಿದ್ದಳು.

"ನೀವು ಮನೆಗೆ ಹೋಗಿ ಮಾಷ್ಟ್ರೆ," ಎಂದಳು. "ನೀವು ಎದುರಿಗೆ ನಿಂತಿದ್ದರೆ ನನಗೆ ಅಳಲಿಕ್ಕೆ ಆಗುವುದಿಲ್ಲ."

ಮಾಷ್ಟ್ರು ಹಾರೆಯನ್ನು ಗೋಡೆಗೆ ಒರಗಿಸಿದರು. ಗದ್ದೆಯ ಅಂಚು ಹಿಡಿದು ನಡೆದರು, ಹಿಂದಿನಿಂದ ದನಿ ಕೇಳಿಸದಷ್ಟು ದೂರ ಹೋಗುವವರೆಗೂ ಎಲ್ಲೂ ನಿಲ್ಲಲಿಲ್ಲ.