ಸೊಪ್ಪು ಹಾಕುವ ಹೊತ್ತಿನ ಕಸರತ್ತು

ನಮ್ಮ ಅತ್ತಿಗೆಯ ಎರಡೂ ಹೆಬ್ಬೆರಳ ಉಗುರು ಸದಾ ಹಸಿರುಗಪ್ಪು. ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಕರೆ ಅದು. ಸೀಗೆಪುಡಿಗೂ ಜಗ್ಗಲಿಲ್ಲ, ಹುಣಸೆಹಣ್ಣಿಗೂ ಜಗ್ಗಲಿಲ್ಲ. ಮದುವೆಗೆ ಹೊರಟಾಗ ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು, ಕೈತುಂಬ ಬಳೆ ತೊಟ್ಟರೂ ಉಗುರು ಮಾತ್ರ ಹಾಗೇ. "ಒಂದಿಷ್ಟು ಬಣ್ಣ ಹಚ್ಕೋಬಾರ್ದಾ ಅತ್ಗೆ?" ಅಂತ ನಾನು ರೇಗಿಸಿದರೆ, "ಹುಳ ನೋಡಿ ಹೆದರ್ಕೊಂಡ್ಬಿಡ್ತವೆ ಕಣೋ" ಅನ್ನುತ್ತಿದ್ದಳು.

ಅವಳು ಆವನಿ ಪಕ್ಕದ ನಮ್ಮೂರಿಗೆ ಸೊಸೆಯಾಗಿ ಬಂದಾಗ ನಾನಿನ್ನೂ ಚಡ್ಡಿ ಹಾಕಿಕೊಂಡು ಇಸ್ಕೂಲಿಗೆ ಹೋಗುತ್ತಿದ್ದವನು. ಗಡಿಯಾಚೆಯ ತೆಲುಗು ಮನೆಯ ಹೆಣ್ಣು. ಬಂದ ದಿನವೇ ನನ್ನನ್ನು "ಮರಿದಿ" ಅಂತ ಕರೆದಳು. ತೆಲುಗಿನಲ್ಲಿ ಮೈದುನನಿಗೆ ಹಾಗನ್ನುತ್ತಾರೆ. ಕೂದಲು ನರೆತ ಮೇಲೂ ನಾನು ಅವಳಿಗೆ ಮರಿದಿಯೇ. ಕೋಪ ಬಂದರೆ ತೆಲುಗು, ಪ್ರೀತಿ ಬಂದರೆ ಕನ್ನಡ. ತೆಲುಗೇ ಜಾಸ್ತಿ ಕೇಳಿದ್ದೇನೆ.

ನಾನು ಮುಳಬಾಗಿಲಿನಲ್ಲಿ ಟೈಲರ್. ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ರವಿಕೆ ಹೊಲಿಯುತ್ತಾ ನನ್ನ ಮದುವೆಯನ್ನೇ ಮರೆತವನು. ಅಂಗಡಿಯೇ ಮನೆ, ಮೆಷಿನ್ನೇ ಸಂಸಾರ. ಹೀಗಿರುವಾಗ ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಿದ್ದೆ, ಕತ್ತರಿ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳೋಣ ಅಂದರೆ ನಾನೇ ಬಿದ್ದೆ. ಬಲಗೈ, ಬಲಗಾಲು ನನ್ನವಲ್ಲ ಅನ್ನುವ ಹಾಗೆ ಸುಮ್ಮನೆ ಬಿದ್ದುಕೊಂಡಿದ್ದವು. ಲಕ್ವ. ಕತ್ತರಿ ಹಿಡಿಯುವ ಕೈ, ಮೆಷಿನ್ ತುಳಿಯುವ ಕಾಲು! ದೇವರಿಗೆ ಬೇರೆ ಜಾಗ ಸಿಗಲಿಲ್ಲವೇ ಅಂತ ಆಸ್ಪತ್ರೆಯ ಮಂಚದ ಮೇಲೆ ಬೈದುಕೊಂಡೆ. ನನಗೆ ಬೇಕಿದ್ದದ್ದು ಒಂದೇ: ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ ನನ್ನ ಮೆಷಿನ್ ಮುಂದೆ ಮತ್ತೆ ಕೂರಬೇಕು.

ಕೋಲಾರದ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಬಂದಳು. ಕುರ್ಚಿಯಿಂದ ಏಳುವುದು, ಮೆಲ್ಲಗೆ ಕೂರುವುದು, ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸುವುದು, ಮೇಜಿನ ಮೇಲೆ ಟವೆಲ್ ಹಾಕಿ ಬಲಗೈಯಲ್ಲಿ ಮುಂದಕ್ಕೆ ತಳ್ಳುವುದು, ಎಲ್ಲ ತೋರಿಸಿದಳು. "ಮನೇಲಿ ದಿನಾ ಮಾಡಿಸ್ಬೇಕು. ಒಂದಿನ ಸುಸ್ತಾಗೋ ಹಂಗೆ ಮಾಡ್ಸಿ ನಾಕು ದಿನ ಬಿಡೋದಲ್ಲ. ಸ್ವಲ್ಪ ಸ್ವಲ್ಪಾನೇ ಸಾಕು, ತಪ್ಪಿಸ್ಬಾರ್ದು ಅಷ್ಟೆ" ಅಂದಳು. ನಮ್ಮಣ್ಣ ಎಲ್ಲಾ ಕೇಳಿಸಿಕೊಂಡು, "ಬದನೇಕಾಯಿ ತಿನ್ಬೋದಾ ಇವ್ನು?" ಅಂತ ಕೇಳಿದ. ಅತ್ತಿಗೆ ಮಾತ್ರ ಆ ಹುಡುಗಿಯ ಕೈಕಾಲನ್ನೇ ನೋಡುತ್ತಿದ್ದಳು. "ಅಂದ್ರೆ ಹುಳ ಸಾಕ್ದಂಗೆ ಅನ್ನು ತಾಯಿ. ಹೊತ್ತೊತ್ತಿಗೆ ಸೊಪ್ಪು" ಅಂದಳು. ಹುಡುಗಿ ನಕ್ಕು, "ಹಂಗೇ ಅಂದ್ಕೊಳ್ಳಿ ಅಮ್ಮ" ಅಂದಳು.

ಊರಿಗೆ ಬಂದೆವು. ನಮ್ಮ ಕಡೆ ಒಂದು ಪದ್ಧತಿ ಇದೆ. ಕಾಯಿಲೆಯವನನ್ನು ಅಲ್ಲಾಡಲು ಬಿಡದಿದ್ದರೆ ಅದೇ ಸೇವೆ. ಬ್ರೆಡ್ಡು, ಎಳನೀರು ಹಿಡಿದು ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಏಳ್ಬೇಡಪ್ಪಾ, ಮಲ್ಕೋ, ಮಲ್ಕೋ." ನಮ್ಮಣ್ಣನಂತೂ ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ಈಗ ಮತ್ತೆ ಹೊರಲು ಶುರುಮಾಡಿದ. ಬಚ್ಚಲಿಗೆ ಹೊತ್ತ, ಬಿಸಿಲಿಗೆ ಹೊತ್ತ, ಮುದ್ದೆ ಮುರಿದು ಬಾಯಿಗಿಟ್ಟ. ಗಿಡಮೂಲಿಕೆಯ ಪಸರು ಮದ್ದು ಕೊಡುವವರ ಹತ್ತಿರ ಹೋಗಿ ಘಾಟು ವಾಸನೆಯ ಎಣ್ಣೆ ತಂದು ತಾನೇ ತಿಕ್ಕಿದ. ಅಂಥ ಅಣ್ಣ ಯಾರಿಗೂ ಸಿಗುವುದಿಲ್ಲ. ಆದರೆ ಅವನ ಪ್ರೀತಿಯಲ್ಲಿ ನನ್ನ ಕಾಲು ದಿನದಿಂದ ದಿನಕ್ಕೆ ಸೊರಗಿ ಸೌದೆಯಾಗುತ್ತಿತ್ತು.

ಆ ಸಲದ ರೇಷ್ಮೆ ಹುಳದ ಮರಿ ಮನೆಗೆ ಬಂದ ದಿನ ಅತ್ತಿಗೆ ನನ್ನ ಮಂಚವನ್ನು ಹುಳದ ಮನೆಯ ಪಕ್ಕದ ಪಡಸಾಲೆಗೆ ಎಳೆಸಿದಳು. "ಈ ಎಣ್ಣೆ ಸಾಕು. ಘಾಟಿಗೆ ಹುಳ ಸಾಯ್ತವೆ" ಅಂದಳು. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ಉಳಿಯಿತು. ಸಂಜೆ ಸೊಪ್ಪು ಹಾಕುವ ಹೊತ್ತಿಗೆ ಬಂದು ನನ್ನ ಮುಂದೆ ನಿಂತು, "ಲೆಯ್ಯಿ ಮರಿದಿ" ಅಂದಳು. ಏಳು ಅಂತ. ಅಣ್ಣ ಓಡಿ ಬಂದು ಕಂಕುಳಿಗೆ ಕೈ ಹಾಕಲು ಹೋದ.

"ಮುಟ್ಬೇಡಿ. ಎದ್ದೇಳ್ತಾನೆ" ಅಂದಳು ಅತ್ತಿಗೆ.

"ಬಿದ್ರೆ?"

"ಬಿದ್ರೆ ನೆಲ ಐತಲ್ಲ, ಇನ್ನೆಲ್ಲಿಗೆ ಹೋಗ್ತಾನೆ?"

ಏಳಲಿಲ್ಲ ನಾನು. ಮುಕ್ಕಿರಿದೆ, ಬೆವತೆ, ಬೈದೆ. ಮಾರನೆಯ ದಿನವೂ ಅಷ್ಟೆ. ಆದರೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತು ತಪ್ಪುವುದಿಲ್ಲವಲ್ಲ, ಹಾಗೇ ಇವಳ "ಲೆಯ್ಯಿ" ಕೂಡ ತಪ್ಪಲಿಲ್ಲ. ಮನೆಗೆ ನೆಂಟರು ಬರಲಿ, ಊರಲ್ಲಿ ಮದುವೆಯಿರಲಿ, ಅವಳಿಗೇ ಜ್ವರವಿರಲಿ, ಮೊದಲು ಹುಳ, ಆಮೇಲೆ ನಾನು, ಆಮೇಲೆ ಜಗತ್ತು. "ಇವತ್ತೊಂದಿನ ಬಿಡು ಅತ್ಗೆ" ಅಂದರೆ, "ಹುಳಕ್ಕೆ ರಜಾ ಐತಾ?" ಅನ್ನುವಳು. ಕೊನೆಗೊಂದು ದಿನ ಎದ್ದೆ! ಗೋಡೆ ಹಿಡಿದು, ನಡುಗುತ್ತಾ, ಆದರೂ ಎದ್ದೆ. ಅಣ್ಣ ಅತ್ತೇಬಿಟ್ಟ. ಅತ್ತಿಗೆ, "ಸರಿ, ಈಗ ಕೂತ್ಕೊ. ಧೊಪ್ ಅಂತ ಬೀಳ್ಬೇಡ, ಮೆಲ್ಲಗೆ" ಅಂದಳು. ಅಷ್ಟೇ. ಹೊಗಳಿಕೆ ಅವಳ ಮನೆತನದಲ್ಲೇ ಇರಲಿಲ್ಲ.

ಆಮೇಲೆ ಹುಳದ ಮನೆಯೊಳಗೆ ಕೆಲಸ. ಅಲ್ಲಿ ಹುಳಕ್ಕೆ ಮೂರಂತಸ್ತಿನ ಸ್ಟ್ಯಾಂಡು. ಕಡ್ಡಿ ಸಮೇತ ಕತ್ತರಿಸಿ ತಂದ ಸೊಪ್ಪನ್ನು ಸಾಲಾಗಿ ಹರಡಬೇಕು. ಮೊದಲು ನಡುವಿನ ಅಂತಸ್ತು ನನ್ನ ಪಾಲಿಗೆ ಬಂತು, ಬಲಗೈಯಲ್ಲೇ ಹಾಕಬೇಕು. ಎಡಗೈ ಮುಂದೆ ಬಂದರೆ ಸೊಪ್ಪಿನ ಕಡ್ಡಿಯಲ್ಲಿ ಪಟ್ ಅಂತ ಒಂದು ಏಟು. ಬೆರಳು ಮುಚ್ಚದೆ ಕಡ್ಡಿ ಕೆಳಗೆ ಬೀಳುತ್ತಿತ್ತು, ಎತ್ತಿಕೊಡುತ್ತಿದ್ದಳು, ಮತ್ತೆ ಬೀಳುತ್ತಿತ್ತು.

ಊರಿನ ಬಾಯಿಗೆ ಇಷ್ಟು ಸಾಲದೇ? "ಲಕ್ವ ಹೊಡೆದ ಮೈದುನನ ಕೈಲಿ ಹುಳ ಮೇಯಿಸ್ತಾಳಂತೆ, ಕೂಲಿ ಉಳೀತು ಅಂತ" ಎಂದು ನಲ್ಲಿಯ ಹತ್ತಿರ ಮಾತಾಯಿತು. ಅಣ್ಣ ಅದನ್ನು ಕೇಳಿ ಮುಖ ಕೆಂಪಗೆ ಮಾಡಿಕೊಂಡು ಬಂದ. "ಬಿಟ್ಬಿಡೇ. ಜನ ಆಡ್ಕೊಳ್ತಾರೆ. ನಾನಿರೋ ತನಕ ಹೊತ್ಕೊಂಡು ನೋಡ್ಕೊಳ್ತೀನಿ" ಅಂದ.

"ನೀವಿರೋ ತನಕ. ಆಮೇಲೆ?" ಅಂದಳು ಅತ್ತಿಗೆ. "ಜನ ಪೋನೀಲೇ. ಹೋಗ್ಲಿ ಬಿಡಿ ಅವ್ರು. ಮೆಷಿನ್ ತುಳಿಯೋನು ಇವ್ನು, ಅವ್ರಲ್ಲ" ಅಂದು ಸೊಪ್ಪು ಕೊಯ್ಯಲು ಹೊರಟುಹೋದಳು.

ನಿಜ ಹೇಳಬೇಕೆಂದರೆ ಆಗ ನನಗೂ ಅವಳ ಎದೆ ಕಲ್ಲೇ ಅನ್ನಿಸಿತ್ತು. ನಾನು ತಡವರಿಸುವಾಗ ಮುಂದೆ ನಿಲ್ಲುವುದನ್ನೂ ಬಿಟ್ಟು ಹಿಂದೆ ಎಲ್ಲೋ ಇರುತ್ತಿದ್ದಳು, ಬರೀ ಧ್ವನಿ ಕೇಳಿಸುತ್ತಿತ್ತು. ಒಂದು ಸಂಜೆ ಮೇಲಿನ ಅಂತಸ್ತಿಗೆ ಕೈ ಎತ್ತುವ ಸಾಹಸ ಮಾಡುತ್ತಿದ್ದೆ. ಹಿಂದಿನ ಗೋಡೆಯ ಬಲ್ಬು ಉರಿಯುತ್ತಿತ್ತು. ಎದುರು ಗೋಡೆಯ ಸುಣ್ಣದ ಮೇಲೆ ನನ್ನ ನೆರಳು, ಅದರ ಎರಡೂ ಪಕ್ಕದಲ್ಲಿ ಅಗಲವಾಗಿ ಚಾಚಿದ ಎರಡು ಕೈಗಳ ನೆರಳು. ನಾನು ವಾಲಿದ ಕಡೆಗೆ ಆ ಕೈಗಳೂ ವಾಲುತ್ತಿದ್ದವು. ನನ್ನ ಮೈಗೆ ಮಾತ್ರ ತಾಕುತ್ತಿರಲಿಲ್ಲ. ಸರಕ್ಕನೆ ತಿರುಗಿ ನೋಡಿದೆ. ಅತ್ತಿಗೆ ಕೈ ಕಟ್ಟಿಕೊಂಡು, "ಏನ್ ನೋಡ್ತೀಯ? ಮೇಲೆ ಹಾಕು" ಅಂದಳು. ಅಷ್ಟು ದಿನದಿಂದ ಹೀಗೇ ನಿಂತಿದ್ದಳು ಈ ತಾಯಿ! ಮತ್ತೆ ಗೋಡೆಯ ಕಡೆ ತಿರುಗಿ ಮೇಲಕ್ಕೆ ಕೈ ಎತ್ತಿದೆ. ಸೊಪ್ಪು ಹಾಕಿದೆ.

ಎಲ್ಲ ದಿನವೂ ಹಾಗೆ ಸುಗಮವಾಗಿರಲಿಲ್ಲ. ಒಮ್ಮೆ ಕಾಲು ಮೊದಲಿಗಿಂತ ಭಾರವಾಯಿತು, ನಿಲ್ಲಲಾಗಲಿಲ್ಲ. ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದೆ. ಅತ್ತಿಗೆ ಬೈಯಲಿಲ್ಲ. ಹುಳದ ಮನೆಯ ಬಾಗಿಲು ತೆರೆದು ತೋರಿಸಿದಳು. ಹುಳಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಇದ್ದವು. ಪೊರೆ ಕಳಚುವ ಮುಂಚೆ ಹೀಗಾಗುತ್ತದೆ. ಜ್ವರಕ್ಕೆ ಕೂತಿವೆ ಅನ್ನುತ್ತೇವೆ ನಾವು. ಆಗ ಸೊಪ್ಪು ಹಾಕಬಾರದು, ಮುಟ್ಟಲೂಬಾರದು.

"ನೋಡ್ದೋರು ಸತ್ತವೆ ಅಂದ್ಕೊಂಡು ತಿಪ್ಪೆಗೆ ಎಸೆದ್ರೆ ತಪ್ಪು ಯಾರದು?" ಅಂದಳು. "ನೀನೂ ಜ್ವರಕ್ಕೆ ಕೂತಿದೀಯ. ಇವತ್ತು ಮಲ್ಕೋ. ಹುಳ ಎದ್ದಾಗ ನೀನೂ ಏಳ್ಬೇಕು, ಆವಾಗ ಸಬೂಬು ಹೇಳಿದ್ರೆ ಸುಮ್ನಿರಲ್ಲ."

ಹುಳ ಎದ್ದವು. ನಾನೂ ಎದ್ದೆ. ಕೆಳಗಿನ ಅಂತಸ್ತಿಗೆ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಹಾಕಿ, ಕಂಬ ಹಿಡಿದು ಮೇಲೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅದು ಬಂದ ಮೇಲೆ ಬಚ್ಚಲಿಗೆ ನಾನೇ ಹೋಗತೊಡಗಿದೆ. ಆ ಸುಖವನ್ನು ಏನಂತ ಬರೆಯಲಿ! ಬಾಗಿಲು ಹಾಕಿಕೊಂಡು ಒಬ್ಬನೇ ಸ್ನಾನ ಮಾಡಿದ ದಿನ ಬೇಕೆಂದೇ ನೀರು ಖಾಲಿಯಾಗುವ ತನಕ ಸುರಿದುಕೊಂಡೆ.

ಇನ್ನೊಂದು ಬೆಳೆ ಹುಳ ಮುಗಿಯುವ ಹೊತ್ತಿಗೆ ಅತ್ತಿಗೆ ಮುಳಬಾಗಿಲಿನಿಂದ ನನ್ನ ಮೆಷಿನ್ ತರಿಸಿ ಪಡಸಾಲೆಯಲ್ಲಿ ಹಾಕಿಸಿದಳು. ಸೂಜಿ, ದಾರ ಇಲ್ಲ. ಬರೀ ತುಳಿ ಅಂದಳು. ತುಳಿದೆ. ಚಕ್ರ ಹಿಂದಕ್ಕೆ ತಿರುಗಿತು, ನಿಂತಿತು, ಮತ್ತೆ ತುಳಿದೆ. ಕಾಲಿಗೆ ಲಯ ಸಿಕ್ಕಿದ ಮೇಲೆ ತನ್ನ ಪೆಟ್ಟಿಗೆಯಿಂದ ರವಿಕೆ ಬಟ್ಟೆಯೊಂದನ್ನು ತಂದು ನನ್ನ ಮುಂದೆ ಹಾಕಿದಳು. ಹೊಲಿದೆ. ಒಂದು ತೋಳು ಬಿಗಿ, ಇನ್ನೊಂದು ಸಡಿಲ, ಬೆನ್ನಿನ ಹೊಲಿಗೆ ನಮ್ಮೂರ ಕಾಲುದಾರಿಯಷ್ಟೇ ಸೊಟ್ಟ. "ಬಿಚ್ಚಿ ಹೊಲಿತೀನಿ ಕೊಡು, ಮಾನ ಹೋಗ್ತದೆ" ಅಂತ ಬೇಡಿಕೊಂಡೆ. ಕೊಡಲಿಲ್ಲ. ಶ್ರೀನಿವಾಸಪುರದ ನೆಂಟರ ಮದುವೆಗೆ ಅದನ್ನೇ ತೊಟ್ಟುಕೊಂಡು ಹೋಗಿ ಸಿಕ್ಕಸಿಕ್ಕವರಿಗೆಲ್ಲ ಬೆನ್ನು ತಿರುಗಿಸಿ, "ನಮ್ ಮರಿದಿ ಹೊಲ್ದಿದ್ದು, ನೋಡಿ ನೋಡಿ" ಅಂದಳಂತೆ. ನನ್ನ ಮುಂದೆ ಒಂದು ಒಳ್ಳೆಯ ಮಾತಾಡದವಳು!

ಅಂಗಡಿಗೆ ವಾಪಸ್ಸು ಹೊರಟ ದಿನ ಬಸ್ಸಿನ ಮೆಟ್ಟಿಲು ಹತ್ತುವಾಗ ಅಣ್ಣನ ಕೈ ಮತ್ತೆ ಮುಂದೆ ಬಂತು. "ಮುಟ್ಬೇಡಿ" ಅಂತ ಹಿಂದಿನಿಂದ ಧ್ವನಿ. ತಿರುಗಿ ನೋಡಲಿಲ್ಲ ನಾನು. ಅವಳ ಕೈಗಳು ಎಲ್ಲಿವೆ ಅಂತ ಗೊತ್ತಿತ್ತು. ಹತ್ತಿ ಕೂತೆ.

ಈಗ ನಾನು ಹೊಲಿಯುತ್ತೇನೆ. ಮೊದಲಿನಷ್ಟು ವೇಗವಿಲ್ಲ, ಆದರೆ ಹೊಲಿಗೆ ನೆಟ್ಟಗಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಊರಲ್ಲಿ ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ಮೆಷಿನ್ ನಿಲ್ಲಿಸಿ ಎದ್ದು ಕೂರುತ್ತೇನೆ, ಕೂತು ಏಳುತ್ತೇನೆ. ಗಿರಾಕಿಗಳು ನಗುತ್ತಾರೆ. ಮೊನ್ನೆ ಮಂಡಿ ನೋವಿನ ಹೆಂಗಸೊಬ್ಬಳು ರವಿಕೆ ಅಳತೆಗೆ ಬಂದವಳು ನನ್ನ ಜೊತೆ ತಾನೂ ಕುರ್ಚಿಯಿಂದ ಎದ್ದು ಕೂತಳು.

ಅತ್ತಿಗೆ ಹೋಗಿದ್ದು ಹೋದ ವರ್ಷ. ಬೆಳಗಿನ ಸೊಪ್ಪು ಹಾಕಿ, ಕೈ ತೊಳೆದು, ಎದೆ ನೋವು ಅಂತ ಕೂತವಳು ಆಸ್ಪತ್ರೆ ತಲುಪಲಿಲ್ಲ. ಸುದ್ದಿ ಬಂದಾಗ ಅಂಗಡಿ ಬಾಗಿಲು ಹಾಕುವುದನ್ನೂ ಮರೆತು ಬಸ್ಸು ಹತ್ತಿದೆ. ಹಸಿರುಗಪ್ಪು ಉಗುರಿನ ಆ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಿದ್ದರು. ಅವಳ ಕೈ ಸುಮ್ಮನಿದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಹೊಲದಲ್ಲಿ ಮಣ್ಣು ಮಾಡಿ ಬಂದು ಸ್ನಾನ ಮುಗಿಸಿದೆವು. ಅಣ್ಣ ಹುಳದ ಮನೆಯ ಬಾಗಿಲಲ್ಲಿ ನೆಲದ ಮೇಲೆ ಕುಸಿದು ಕೂತ. ಒಳಗೆ ಹುಳ ಕೊನೆಯ ಹಂತದಲ್ಲಿದ್ದವು, ಗೂಡು ಕಟ್ಟಲು ಇನ್ನೇನು ಒಂದೆರಡು ದಿನ. ಸಂಜೆಯ ಸೊಪ್ಪಿನ ಹೊತ್ತು ಮೀರುತ್ತಿತ್ತು.

"ಏಳಣ್ಣ. ಹುಳಕ್ಕೆ ಸೊಪ್ಪು ಹಾಕ್ಬೇಕು" ಅಂದೆ.

"ನನ್ ಕೈಲಾಗಲ್ಲ ಕಣೋ. ಇನ್ನು ಏನೂ ಆಗಲ್ಲ ನನ್ನಿಂದ" ಅಂದ.

ಸುತ್ತ ಇದ್ದವರು ಅವನನ್ನು ಎತ್ತಲು ಮುಂದೆ ಬಂದರು. "ಮುಟ್ಬೇಡಿ. ಎದ್ದೇಳ್ತಾನೆ" ಅಂದೆ. ಅಣ್ಣ ತಲೆ ಎತ್ತಿ ನನ್ನನ್ನೇ ನೋಡಿದ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದು ಮಂಡಿ ಊರಿ, ಅಳುತ್ತಲೇ, ಮೆಲ್ಲಗೆ ಎದ್ದ. ಎದ್ದು ಸೊಪ್ಪಿನ ಕಡೆಗೆ ನಡೆದ. ಅವನ ಬೆನ್ನ ಹಿಂದೆ, ಮೈಗೆ ತಾಕದ ಹಾಗೆ, ನಾನು ಎರಡೂ ಕೈ ಚಾಚಿಕೊಂಡು ನಡೆದೆ. ಬಲಗೈಯನ್ನೂ.